ಕುಗ್ಗಿದ ಎಂಟು ಮಿಲಿಮೀಟರ್

ಜೂನ್ ೪

ಮಾನ್ಯರೇ,

ಹದಿನಾರು ವರ್ಷಗಳ ಮೇಲೆ ನನ್ನ ಅಕ್ಷರ ಕಂಡು ನಿಮಗೆ ಆಶ್ಚರ್ಯವಾಗಬಹುದು. ಕುಶಲ ವಿಚಾರಿಸಲು ಬರೆಯುತ್ತಿಲ್ಲ. ಆದ್ದರಿಂದ ನೇರವಾಗಿ ವಿಷಯಕ್ಕೆ ಬರುತ್ತೇನೆ.

ನಮ್ಮ ಮಕ್ಕಳು ಐದು ವರ್ಷದವರಿದ್ದಾಗ ಆರಂಭವಾದ ಅಧ್ಯಯನ ನಿಮಗೆ ನೆನಪಿರಲೇಬೇಕು. ಚಿಕಿತ್ಸೆಯ ನೆರವಿನಿಂದ, ಪ್ರಯೋಗಾಲಯದ ಗಾಜಿನ ಬಟ್ಟಲಿನಲ್ಲಿ ಜೀವ ತಳೆದ ಮಕ್ಕಳು ಹೇಗೆ ಬೆಳೆಯುತ್ತಾರೆ, ದೊಡ್ಡವರಾದ ಮೇಲೆ ಅವರ ಹೃದಯ, ರಕ್ತದೊತ್ತಡ, ಮೂಳೆಗಳು ಹೇಗಿರುತ್ತವೆ ಎಂದು ತಿಳಿಯುವುದು ಅದರ ಉದ್ದೇಶ. ಅಂಥ ಪ್ರತಿಯೊಂದು ಮಗುವಿಗೂ ಅದೇ ತರಗತಿಯ, ಅದೇ ವಯಸ್ಸಿನ, ತಾನಾಗಿ ಹುಟ್ಟಿದ ಇನ್ನೊಂದು ಮಗುವನ್ನು ಜೋಡಿಯಾಗಿ ಆರಿಸಿ ಇಬ್ಬರನ್ನೂ ಒಟ್ಟಿಗೆ ಅಳೆಯುವುದು ಅವರ ಕ್ರಮ. ನನ್ನ ಗುಬ್ಬಿಗೆ ಜೋಡಿಯಾಗಿ ನಿಮ್ಮ ಜಿಂಕೆಯನ್ನು ಸೂಚಿಸಿದವಳು ನಾನೇ. ರಕ್ತದೊತ್ತಡ ನೋಡಲು ಎರಡು ವರ್ಷಕ್ಕೊಮ್ಮೆ ಅವರ ನರ್ಸ್ ಬರುತ್ತಿದ್ದರು. ಎತ್ತರವನ್ನು ಪ್ರತಿ ವರ್ಷ ಶಾಲೆಯಲ್ಲಿಯೇ ಅಳೆದು ಕಳುಹಿಸುವ ಹೊಣೆಯನ್ನು ನಮ್ಮಿಬ್ಬರಿಗೆ ವಹಿಸಿದ್ದರು. ವ್ಯಾಯಾಮ ಶಿಕ್ಷಕಿಯಾದ ನೀವು ಹಲಗೆಯ ಬಳಿ ನಿಂತು ಅಂಕಿ ಕೂಗುತ್ತಿದ್ದಿರಿ. ಭಾಷಾ ಶಿಕ್ಷಕಿಯಾದ ನಾನು ರಿಜಿಸ್ಟರಿನಲ್ಲಿ ಬರೆಯುತ್ತಿದ್ದೆ.

ಕಳೆದ ವಾರ ಅಧ್ಯಯನ ಕಚೇರಿಯಿಂದ ಬಂದ ಕಾಗದದ ಒಂದು ಭಾಗವನ್ನು ಇಲ್ಲಿ ಯಥಾವತ್ತಾಗಿ ಬರೆಯುತ್ತೇನೆ:

"ಹಳೆಯ ರಿಜಿಸ್ಟರುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಒಂದು ದೋಷ ಕಂಡುಬಂದಿದೆ. ನಿಮ್ಮ ಮಗಳ ಜೋಡಿಯ ಎತ್ತರ ಒಂಬತ್ತನೆಯ ತರಗತಿಯಲ್ಲಿ ೧೫೬.೪ ಸೆಂಟಿಮೀಟರ್, ಹತ್ತನೆಯ ತರಗತಿಯಲ್ಲಿ ೧೫೫.೬. ಹದಿನೈದರ ಹುಡುಗಿ ಎಂಟು ಮಿಲಿಮೀಟರ್ ಕುಗ್ಗುವುದು ಸಾಧ್ಯವಿಲ್ಲ. ಸೆಪ್ಟೆಂಬರ್ ೩೦ರೊಳಗೆ ಲಿಖಿತ ವಿವರಣೆ ಬಾರದಿದ್ದಲ್ಲಿ ಆ ರಿಜಿಸ್ಟರನ್ನು ನಂಬಲಾಗದೆಂದು ಭಾವಿಸಿ ಈ ಜೋಡಿಯನ್ನು ಅಧ್ಯಯನದಿಂದ ಕೈಬಿಡಲಾಗುವುದು."

ಕೈಬಿಟ್ಟರೆ ನಿಮಗೆ ನಷ್ಟವಿಲ್ಲ. ಜಿಂಕೆಯ ಹುಟ್ಟಿನ ಬಗ್ಗೆ ಯಾರೂ ಎಂದೂ ಪ್ರಶ್ನೆ ಕೇಳಿದವರಲ್ಲ. ನನ್ನ ಮಗುವಿನ ತೊಟ್ಟಿಲಿನ ಬಳಿ ನಿಂತು ನಮ್ಮ ಅತ್ತೆಯವರು ಕೇಳಿದ ಮೊದಲ ಮಾತು, "ಗಾಜಲ್ಲಿ ಆಗಿದ್ದು, ಎಷ್ಟು ದಿನ ತಡೆಯುತ್ತೆ?" ಡಾಕ್ಟರನ್ನು ಕೇಳಿದರೆ, "ಮುಂದೆ ಹೇಗೋ ನಮಗೂ ಗೊತ್ತಿಲ್ಲಮ್ಮ, ನೋಡ್ತಾ ಹೋಗೋಣ" ಎಂದರು. ಮೂವತ್ತೊಂದು ವರ್ಷದಿಂದ ನಾನು ನೋಡುತ್ತಲೇ ಇದ್ದೇನೆ. ಗುಬ್ಬಿಯೂ ಎಲ್ಲರಂತೆಯೇ ಎಂದು ಅಚ್ಚಿನಲ್ಲಿ ಹೇಳಬಲ್ಲ ಸಾಕ್ಷಿ ಈ ಅಧ್ಯಯನವೊಂದೇ. ಅದರಿಂದ ಅವಳ ಸಾಲನ್ನು ಅಳಿಸಲು ನಾನು ಬಿಡುವುದಿಲ್ಲ.

ಇದರೊಡನೆ ಒಂದು ಹೇಳಿಕೆಯನ್ನು ಸಿದ್ಧಪಡಿಸಿ ಇಟ್ಟಿದ್ದೇನೆ. "ಅಳತೆ ಕೂಗಿದವಳು ನಾನು, ಕೂಗುವಾಗ ಅಂಕಿ ತಪ್ಪಿರಬಹುದು" ಎಂಬ ಎರಡೇ ವಾಕ್ಯ. ಸಹಿ ಮಾಡಿ ಹಿಂದಿರುಗಿಸಿದರೆ ಉಪಕಾರವಾಗುತ್ತದೆ.

ಇಂತಿ,
ನಿವೃತ್ತ ಭಾಷಾ ಶಿಕ್ಷಕಿ


ಜೂನ್ ೧೯

ಏನೇ ಕೆಂಪು ಶಾಯಿ,

ಹದಿನಾರು ವರ್ಷದಲ್ಲಿ ನಾನು "ಮಾನ್ಯರೇ" ಆಗಿಬಿಟ್ಟೆನಲ್ಲ! ಓದುವಾಗ ಎರಡು ಸಲ ಹಿಂದೆ ತಿರುಗಿ ನೋಡಿದೆ, ಮನೆಗೆ ಯಾರೋ ದೊಡ್ಡವರು ಬಂದು ನಿಂತಿರಬೇಕು ಎಂದು. ಸ್ಟಾಫ್ ರೂಮಿನಲ್ಲಿ ನೀನು ನನಗಿಟ್ಟ ಹೆಸರು ಸೀಟಿ, ನಾನು ನಿನಗಿಟ್ಟದ್ದು ಕೆಂಪು ಶಾಯಿ. ಈಗ ನನ್ನ ಕೊರಳಲ್ಲಿ ಸೀಟಿ ಇಲ್ಲ. ಮೂರು ಮೆಟ್ಟಿಲು ಹತ್ತಿದರೆ ಮಂಡಿಯೇ ಸೀಟಿ ಊದುತ್ತದೆ. ನಿನ್ನ ಶಾಯಿ ಮಾತ್ರ ಒಣಗಿಲ್ಲ. ಸಂತೋಷ.

ನೀನು ಕಳುಹಿಸಿದ ಹೇಳಿಕೆಗೆ ಸಹಿ ಹಾಕಲಾರೆ. ಅದರಲ್ಲಿ "ತಪ್ಪಿರಬಹುದು" ಎಂದಿದೆ. ನಾನು ತಪ್ಪಿ ಕೂಗಿದವಳಲ್ಲ. ಬೇಕೆಂದೇ ಕೂಗಿದೆ.

ಒಂಬತ್ತನೆಯ ತರಗತಿಯ ಅಳತೆಯ ದಿನ ನೆನಪಿದೆಯೇ? ಜಿಂಕೆ ಗುಬ್ಬಿಗಿಂತ ಒಂದೂವರೆ ಸೆಂಟಿಮೀಟರ್ ಮುಂದಿದ್ದಳು. ಅಂದು ನೀನು ಊಟದ ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ. ಕೇಳಿದರೆ, "ಹಸಿವಿಲ್ಲ." ಆ ಮಧ್ಯಾಹ್ನ ನೀನು ತಿದ್ದಿದ ಪತ್ರಿಕೆಗಳಲ್ಲಿ ಪಾಸಾದ ಮಕ್ಕಳು ನಾಲ್ಕೋ ಐದೋ.

ಮರುವರ್ಷ ಗುಬ್ಬಿ ಮೊದಲು ನಿಂತಳು. ೧೫೫.೯. ನೀನು ಬರೆದು, ಪೆನ್ನನ್ನು ಎತ್ತಿ ಹಿಡಿದು, ನನ್ನ ಬಾಯನ್ನೇ ನೋಡುತ್ತ ಕೂತೆ. ಶಾಲೆಯ ಬಾಗಿಲಲ್ಲಿ ಫಲಿತಾಂಶಕ್ಕೆ ಕಾಯುವ ತಾಯಂದಿರ ಮುಖ ಹಾಗಿರುತ್ತದೆ. ಆಮೇಲೆ ಜಿಂಕೆ ನಿಂತಳು. ಹಲಗೆಯ ಮೇಲೆ ೧೫೭.೨ ಇತ್ತು. ನನ್ನ ಬಾಯಿಂದ ೧೫೬.೬ ಬಂತು. ಆರು ಮಿಲಿಮೀಟರ್ ಬಿಟ್ಟುಕೊಟ್ಟರೆ ನನ್ನ ಮಗಳಿಗೆ ಏನು ಕಳೆದುಹೋಗುತ್ತದೆ, ಇವಳು ನಾಲ್ಕು ತುತ್ತು ಉಂಡಾಳು ಎಂದು.

ಅಷ್ಟು ನನ್ನ ಪಾಲು. ಅದನ್ನು ಬರೆದುಕೊಡಲು ಸಿದ್ಧ. ಆದರೆ ಭಾಷಾ ಶಿಕ್ಷಕಿಯವರೇ, ಸ್ವಲ್ಪ ಗಣಿತ ಮಾಡಿ. ನನ್ನ ಸುಳ್ಳು ಒಂದೇ ಆಗಿದ್ದರೆ ಜಿಂಕೆ ಆ ವರ್ಷ ಎರಡು ಮಿಲಿಮೀಟರ್ ಬೆಳೆದಂತೆ ಕಾಣುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ನಾನು ಕೂಗಿದ್ದು ೧೫೬.೬. ರಿಜಿಸ್ಟರಿನಲ್ಲಿರುವುದು ೧೫೫.೬. ನನ್ನ ಬಾಯಿಗೂ ನಿನ್ನ ಪೆನ್ನಿಗೂ ನಡುವೆ ಮೂರು ಹೆಜ್ಜೆ ದೂರ. ಅಷ್ಟರಲ್ಲಿ ಒಂದು ಇಡೀ ಸೆಂಟಿಮೀಟರ್ ಎಲ್ಲಿ ಬಿತ್ತು? ಹುಡುಕು.

ಇಂತಿ ನಿನ್ನ,
ಸೀಟಿ


ಜುಲೈ ೨

ಮಾನ್ಯರೇ,

ಮೂವತ್ತನಾಲ್ಕು ವರ್ಷಗಳ ಸೇವೆಯಲ್ಲಿ ಒಂದು ಅಂಕವನ್ನೂ ಯಾರ ಮುಲಾಜಿಗೂ ತಿದ್ದದವಳು ನಾನು. ನನ್ನ ಸ್ವಂತ ಮಗಳನ್ನು ಎಂಟನೆಯ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಫೇಲು ಮಾಡಿದವಳು. ಇಷ್ಟು ವರ್ಷಗಳ ಮೇಲೆ ಆಧಾರವಿಲ್ಲದೆ ಇಂಥ ಆರೋಪ ಹೊರಿಸುವುದು ನಿಮಗೆ ಶೋಭಿಸದು. ನೀವು ೧೫೬.೬ ಎಂದೇ ಕೂಗಿದಿರಿ ಎಂಬುದಕ್ಕೆ ಏನು ಪುರಾವೆ? ಹಲಗೆಯಲ್ಲಿ ೧೫೭.೨ ಇತ್ತು ಎಂಬುದಕ್ಕೆ ಏನು ಪುರಾವೆ?

ನೀವು ಬೇಕೆಂದೇ ಕಡಿಮೆ ಕೂಗಿದಿರಿ ಎಂಬುದನ್ನು ನಂಬಬಲ್ಲೆ. ದಾನ ಮಾಡುವುದು ನಿಮಗೆ ಎಂದೂ ಕಷ್ಟವಾಗಿರಲಿಲ್ಲ, ಏಕೆಂದರೆ ನೀವು ಯಾವುದನ್ನೂ ಕಾದು ಪಡೆದವರಲ್ಲ. ಸ್ಟಾಫ್ ರೂಮಿನ ಆ ಬೆಳಗ್ಗೆ ನಿಮಗೆ ಮರೆತಿರಬಹುದು. ನೀವು ಸೀಟಿಯನ್ನು ಬೆರಳಿಗೆ ಸುತ್ತುತ್ತ ಒಳಗೆ ಬಂದಿರಿ. "ಅಯ್ಯೋ, ನಂಗೇ ಗೊತ್ತಾಗ್ಲಿಲ್ಲ ಕಣ್ರೇ! ಗೊತ್ತಾಗೋ ಹೊತ್ತಿಗೆ ಮೂರು ತಿಂಗಳು!" ಎಂದು ನಕ್ಕಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ಒಂಬತ್ತು ವರ್ಷದಿಂದ ಸೂಜಿ ಚುಚ್ಚಿಸಿಕೊಳ್ಳುತ್ತಿದ್ದೆ. ಅಂದು ಬೆಳಗ್ಗೆ ಚುಚ್ಚಿದ ಜಾಗದ ಹತ್ತಿ ಬಟ್ಟೆಯೊಳಗೆ ಹೊಟ್ಟೆಗೆ ಇನ್ನೂ ಅಂಟಿಕೊಂಡಿತ್ತು. ಶಾಲೆಗೆ ಬರುವ ಮೊದಲು ಐದೂವರೆಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರುತ್ತಿದ್ದವಳು ನಾನು; ಪಕ್ಕದ ಕುರ್ಚಿಯ ನಿಮಗೆ ಬಸಿರಾದದ್ದು ಗೊತ್ತೇ ಆಗಲಿಲ್ಲ.

ನನ್ನನ್ನು ಕಂಡು ಯಾರಾದರೂ ಹೊಟ್ಟೆಕಿಚ್ಚು ಪಡಲಿ, ಸಹಿಸಿಯೇನು. ಕನಿಕರ ಪಟ್ಟವರನ್ನು ಸಹಿಸಲಾರೆ. ಹೇಳಿಕೆಗೆ ಸಹಿ ಮಾಡದಿದ್ದರೆ ಬೇಡ. ಪುರಾವೆ ಇದ್ದರೆ ಕಳುಹಿಸಿ; ಇಲ್ಲದಿದ್ದರೆ ಈ ಪತ್ರವ್ಯವಹಾರ ಇಲ್ಲಿಗೆ ಮುಗಿಯಿತೆಂದು ತಿಳಿಯಿರಿ.

ಇಂತಿ,
ನಿವೃತ್ತ ಭಾಷಾ ಶಿಕ್ಷಕಿ


ಆಗಸ್ಟ್ ೧೧

ಕೆಂಪು ಶಾಯಿ,

ಐದು ವಾರ ಸುಮ್ಮನಿದ್ದೆ. ಕಳುಹಿಸುವುದೋ ಬೇಡವೋ ಎಂದು ಡ್ರಾಯರ್ ತೆರೆದು ಮುಚ್ಚಿ ಅದರ ಹಿಡಿಯೇ ಸಡಿಲವಾಯಿತು. ನೀನು ಪುರಾವೆ ಕೇಳಿದೆ. ಇದರೊಳಗೆ ಸುತ್ತಿಟ್ಟಿದ್ದೇನೆ, ಬಿಚ್ಚಿ ನೋಡು.

ಅದು ಬಟ್ಟೆ ಹೊಲಿಯುವವರ ಎರಡು ಮೀಟರಿನ ಟೇಪು. ಶಾಲೆಯಲ್ಲಿ ಅಳೆದ ದಿನವೆಲ್ಲ ಸಂಜೆ ಮನೆಗೆ ಬಂದು ಜಿಂಕೆಯನ್ನು ಗೋಡೆಗೆ ನಿಲ್ಲಿಸಿ ಇನ್ನೊಮ್ಮೆ ಅಳೆದು, ಆ ಅಂಕಿಯ ಮೇಲೆ ಪೆನ್ನಿನಲ್ಲಿ ಗೀಟೆಳೆದು ತಾರೀಖು ಬರೆಯುತ್ತಿದ್ದೆ. ಹನ್ನೊಂದು ಗೀಟುಗಳಿವೆ. ಕೊನೆಯದು ೧೫೭.೨. ಆ ತಾರೀಖು ನಿನ್ನ ರಿಜಿಸ್ಟರಿನ ತಾರೀಖೇ.

ಯಾಕೆ ಎರಡು ಸಲ ಅಳೆಯುತ್ತಿದ್ದೆ ಎಂದು ನೀನು ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಅಧ್ಯಯನದ ನರ್ಸ್ ಬಂದಾಗಲೆಲ್ಲ ಕುರ್ಚಿ ಗುಬ್ಬಿಗೆ. "ಏನಮ್ಮ ಪುಟ್ಟಿ, ಚೆನ್ನಾಗಿ ನಿದ್ದೆ ಮಾಡ್ತೀಯಾ? ಓಡಿದ್ರೆ ಏದುಸಿರು ಬರುತ್ತಾ?" ಬಣ್ಣದ ಪೆನ್ಸಿಲಿನ ಡಬ್ಬಿ ಗುಬ್ಬಿಗೆ. ನನ್ನ ಮಗಳು ಎರಡೂ ಜೊತೆ ಶೂ ಹಿಡಿದುಕೊಂಡು ಬಾಗಿಲ ಹತ್ತಿರ ನಿಂತಿರುತ್ತಿದ್ದಳು. ಕೊನೆಗೆ ನರ್ಸ್, "ಹಾಂ, ಜೋಡಿ, ನೀನೂ ಬಾ" ಎನ್ನುತ್ತಿದ್ದರು. ಹೆಸರನ್ನೂ ಕೇಳಿದವರಲ್ಲ. ಮೊದಲ ವರ್ಷವೇ, ಐದು ವರ್ಷದ ಜಿಂಕೆ ಕೇಳಿದಳು, "ಅಮ್ಮ, ನನ್ನನ್ನ ಯಾಕೆ ಅಳೀತಾರೆ?" ನಾನು ನಿಜ ಹೇಳಿಬಿಟ್ಟೆ: "ಗುಬ್ಬಿ ಚೆನ್ನಾಗಿದ್ದಾಳಾ ಅಂತ ನೋಡೋಕೆ." ಅವಳ ಮುಖ ನೋಡಿದ ಮೇಲೆ ಆ ಟೇಪು ಕೊಂಡೆ. ಅವಳಿಗೆಂದೇ ಅವಳನ್ನು ಅಳೆಯುವವರು ಒಬ್ಬರಾದರೂ ಇರಲಿ ಎಂದು.

ಹೊಟ್ಟೆಕಿಚ್ಚು ನಿನ್ನೊಬ್ಬಳ ಸ್ವತ್ತು ಎಂದುಕೊಂಡಿದ್ದೀಯ. ಗುಬ್ಬಿ ಸೀನಿದರೆ ನೀನು ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಒಂಬತ್ತು ವರ್ಷ ಬೇಡಿ ಪಡೆದ ಮಗುವನ್ನು ನೋಡುವ ಆ ನೋಟ ನನಗೆ ಬರಲೇ ಇಲ್ಲ. ಗೊತ್ತೇ ಆಗದೆ ಬಂದವಳನ್ನು ಗೊತ್ತೇ ಆಗದಂತೆ ಬೆಳೆಸಿಬಿಡುತ್ತೇನೋ ಎಂದು ನನಗೆ ಭಯವಿತ್ತು. ನಿನ್ನ ಮಗಳ ಪಕ್ಕದಲ್ಲಿ ನನ್ನ ಮಗಳು ಹಲಗೆಯ ಮೇಲೆ ಎತ್ತರ, ಮಿಕ್ಕೆಲ್ಲ ಕಡೆ ಕುಳ್ಳಿ.

ಅಳತೆಯ ಮಾರನೆಯ ದಿನ ರಿಜಿಸ್ಟರನ್ನು ಬೀರುವಿಗೆ ಇಡುವಾಗ ತೆರೆದು ನೋಡಿದೆ. ೧೫೫.೯ರ ಕೆಳಗೆ ೧೫೫.೬. ಬಿಟ್ಟುಕೊಟ್ಟದ್ದು ಸಾಲದೆಂದು ಕಿತ್ತುಕೊಂಡೂ ಇದ್ದೀಯ. ನಿನ್ನನ್ನು ಕೇಳಿದ್ದರೆ ಜಗಳವಾಗಿ ಮುಗಿಯುತ್ತಿತ್ತೇನೋ. ಆದರೆ ನಾನೂ ಸುಳ್ಳು ಕೂಗಿದ್ದೆನಲ್ಲ, ಯಾವ ಬಾಯಿಂದ ಕೇಳಲಿ? ಆ ವಾರವೇ ವರ್ಗಾವಣೆಗೆ ಅರ್ಜಿ ಕೊಟ್ಟು, ಮಕ್ಕಳ ಪರೀಕ್ಷೆ ಮುಗಿದ ಮೇಲೆ ಹೊರಟೆ. ನಾನು ಸೊಕ್ಕಿನಿಂದ ಹೇಳದೆ ಹೋದೆ ಎಂದು ನೀನು ಎಲ್ಲರೆದುರು ಅಂದೆಯಂತೆ. ಇರಲಿ.

ಟೇಪನ್ನು ಗುಬ್ಬಿಯ ಕೈಯಲ್ಲೇ ಕೊಟ್ಟು ಕಳುಹಿಸಬಹುದಿತ್ತು, ಮೊನ್ನೆಯೂ ಬಂದಿದ್ದಳು. ಆದರೆ ಇದು ನಮ್ಮಿಬ್ಬರ ವಿಷಯ.

ಸೀಟಿ


ಆಗಸ್ಟ್ ೧೪

ಟೇಪು ತಲುಪಿತು. ಹನ್ನೊಂದೂ ಗೀಟುಗಳನ್ನು ನೋಡಿದೆ.

ಗುಬ್ಬಿ ಮೊನ್ನೆಯೂ ಬಂದಿದ್ದಳೆಂದು ಬರೆದಿದ್ದೀರಿ. ಆ "ಊ" ನನಗೆ ಅರ್ಥವಾಗಲಿಲ್ಲ. ಎಂದಿನಿಂದ ಬರುತ್ತಿದ್ದಾಳೆ? ಬಂದರೆ ಎಷ್ಟು ಹೊತ್ತು ಇರುತ್ತಾಳೆ? ಎಲ್ಲಿ ಕೂರುತ್ತಾಳೆ?

ನಿವೃತ್ತ ಭಾಷಾ ಶಿಕ್ಷಕಿ


ಆಗಸ್ಟ್ ೨೭

ಕೆಂಪು ಶಾಯಿ,

ನಾನು ಕಳುಹಿಸಿದ್ದು ಎರಡು ಮೀಟರಿನ ಟೇಪು. ನೀನು ಕೇಳಿದ್ದು ಅವಳು ಕೂರುವ ಜಾಗ! ಸರಿ, ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ, ಕ್ರಮವಾಗಿ.

ಮೂರು ವರ್ಷದಿಂದ. ತಿಂಗಳ ಎರಡನೆಯ ಶನಿವಾರ. ಜಿಂಕೆಯೂ ಅವಳೂ ಎಂದೂ ಬಿಟ್ಟವರಲ್ಲ. ತಾಯಂದಿರು ಮಾತು ಬಿಟ್ಟರೆ ಮಕ್ಕಳು ಯಾಕೆ ಬಿಡಬೇಕು? ಅಡುಗೆಮನೆಯಲ್ಲಿ ಬಟ್ಟೆ ಒಗೆಯುವ ಮೆಷಿನ್ ಇದೆ, ಅದರ ಮೇಲೆ ಹತ್ತಿ ಕಾಲು ಇಳಿಬಿಟ್ಟು ಕೂರುತ್ತಾಳೆ. ಮೆಷಿನ್ ತಿರುಗುತ್ತಿದ್ದರೆ ಅವಳೂ ನಡುಗುತ್ತ ಮಾತನಾಡುತ್ತಾಳೆ. ಇಳಿ ಎಂದರೆ ಇಳಿಯುವುದಿಲ್ಲ.

ನೀನು ಕೇಳದ್ದನ್ನೂ ಹೇಳಬೇಕು. ಗುಬ್ಬಿಯ ಅನುಮತಿ ಪಡೆದೇ ಬರೆಯುತ್ತಿದ್ದೇನೆ. ಒಂದು ವರ್ಷದಿಂದ ಅವಳಿಗೆ ಬಿ.ಪಿ. ಇದೆ. ಹೆಚ್ಚೇನಲ್ಲ, ಬೆಳಗ್ಗೆ ಒಂದು ಸಣ್ಣ ಮಾತ್ರೆ. "ಅಮ್ಮನಿಗೆ ಹೇಳೇ" ಎಂದು ನಾನು ಹೇಳಿ ಹೇಳಿ ಸಾಕಾಯಿತು. ಅವಳು ಏನೆಂದಳು ಗೊತ್ತೆ? "ಹೇಳಿದ್ರೆ ಎಷ್ಟು ಅಂತ ಕೇಳ್ತಾರೆ ಆಂಟಿ. ಹೇಗಿದ್ದೀಯ ಅಂತ ಕೇಳಲ್ಲ. ಆಮೇಲೆ ನಾನು ಫೇಲಾದೆ ಅಂತ ಒಂದು ಮುಖ ಮಾಡ್ತಾರಲ್ಲ, ಆ ಮುಖ ನೋಡಿದ್ರೆ ನಂಗೆ ಇನ್ನೂ ಹತ್ತು ಏರುತ್ತೆ."

ಅವಳೂ ಅವಳ ಗಂಡನೂ ಮಗುವಿನ ಯೋಚನೆಯಲ್ಲಿದ್ದಾರೆ. ಈ ಬಿ.ಪಿ. ಹುಟ್ಟಿದ ಬಗೆಯಿಂದ ಬಂದದ್ದೋ, ನಿನ್ನಿಂದ ಬಂದದ್ದೋ (ನಿನಗೂ ಆ ಮಾತ್ರೆ ಇದೆಯಲ್ಲ), ಕಚೇರಿಯ ಕೆಲಸದಿಂದ ಬಂದದ್ದೋ ಎಂದು ಅವಳಿಗೆ ತಿಳಿಯಬೇಕು. ಒಬ್ಬಳನ್ನು ನೋಡಿ ಯಾವ ಡಾಕ್ಟರೂ ಅದನ್ನು ಹೇಳಲಾರರು. ನೂರಾರು ಜೋಡಿಗಳನ್ನು ಪಕ್ಕಪಕ್ಕ ಇಟ್ಟರೆ ಏನಾದರೂ ಕಂಡೀತು. ಅದಕ್ಕೇ ಅವಳು ಸೆಪ್ಟೆಂಬರ್ ಮೂವತ್ತನ್ನು ಎಣಿಸುತ್ತ ಕೂತಿದ್ದಾಳೆ. ಕಚೇರಿಯ ಕಾಗದದ ಪ್ರತಿ ಅವಳಿಗೂ ಬಂದಿದೆ. ಯಾರ ತಪ್ಪು ಎಂದು ಅವಳು ನನ್ನನ್ನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನೀನು ಈ ಅಧ್ಯಯನದಿಂದ ಸರ್ಟಿಫಿಕೇಟು ಬಯಸುತ್ತಿದ್ದೀಯ. ಅವಳು ಬಯಸುತ್ತಿರುವುದು ಉತ್ತರ.

ನನ್ನ ಆರು ಮಿಲಿಮೀಟರಿನ ತಪ್ಪೊಪ್ಪಿಗೆ ಬರೆದು, ಸಹಿ ಹಾಕಿ ಇದರೊಡನೆ ಇಟ್ಟಿದ್ದೇನೆ. ಮಿಕ್ಕದ್ದು ನಿನ್ನದು. ಇನ್ನು ಮೂವತ್ತನಾಲ್ಕು ದಿನಗಳಿವೆ.

ಸೀಟಿ


ಸೆಪ್ಟೆಂಬರ್ ೨೪

ದಾಖಲೆ ಅಧಿಕಾರಿಗಳಿಗೆ,
ದೀರ್ಘಕಾಲದ ಅಧ್ಯಯನ ಕಚೇರಿ

ಮಾನ್ಯರೇ,

ವಿಷಯ: ಹತ್ತನೆಯ ತರಗತಿಯ ಎತ್ತರದ ದಾಖಲೆ.

ತಾವು ಕೇಳಿದ ವಿವರಣೆ ಹೀಗಿದೆ. ಆ ದಿನ ಜೋಡಿ ಮಗುವಿನ ನಿಜವಾದ ಎತ್ತರ ೧೫೭.೨ ಸೆಂಟಿಮೀಟರ್. ಅದೇ ಸಂಜೆ ಮನೆಯಲ್ಲಿ ಗುರುತಿಸಿದ ಟೇಪನ್ನು ಲಗತ್ತಿಸಿದೆ. ಪರಿಶೀಲಿಸಿದ ಮೇಲೆ ಅದನ್ನು ತಪ್ಪದೆ ಹಿಂದಿರುಗಿಸಬೇಕು, ಅದು ಒಬ್ಬ ತಾಯಿಯ ಸ್ವತ್ತು. ಅಳತೆ ಕೂಗಿದವರು ೧೫೬.೬ ಎಂದು ಕೂಗಿದರು. ಕಾರಣವನ್ನು ಅವರೇ ಬರೆದು ಸಹಿ ಮಾಡಿದ್ದಾರೆ.

೧೫೬.೬ ಎಂದು ಕೇಳಿಸಿಕೊಂಡು ೧೫೫.೬ ಎಂದು ಬರೆದವಳು ನಾನು. ಕೈ ತಪ್ಪಿದ್ದಲ್ಲ. ನನ್ನ ಮಗಳ ಎತ್ತರ ೧೫೫.೯ ಆಗಿತ್ತು. ಒಂದು ಅಂಕಿ ಬದಲಾದರೆ ಅವಳು ಮೂರು ಮಿಲಿಮೀಟರ್ ಮುಂದಾಗುತ್ತಿದ್ದಳು. ಹತ್ತು ವರ್ಷ ಆ ಎರಡು ಸಾಲುಗಳನ್ನು ಬರೆದಿದ್ದೆ; ಹತ್ತೂ ವರ್ಷ ಅವಳ ಅಂಕಿ ಕಿರಿದಾಗಿತ್ತು. ಒಂದು ವರ್ಷವಾದರೂ ಅದು ಹಿರಿದಾಗಿರುವುದನ್ನು ನನ್ನದೇ ಅಕ್ಷರದಲ್ಲಿ ಕಾಣಬೇಕೆನ್ನಿಸಿತು.

ತಮಗೆ ಉಪಯೋಗವಾಗಬಹುದೆಂದು ಇನ್ನೊಂದು ಮಾತು. ನನ್ನ ಮಗಳ ಅಳತೆಗಳಲ್ಲಿ ಒಂದನ್ನೂ ನಾನು ತಿದ್ದಿಲ್ಲ. ಅವಳಿಗೆ ಒಂದು ಮಿಲಿಮೀಟರ್ ಕೂಡಿಸಲು ಕೈ ಬರಲಿಲ್ಲ. ಅದು ಸುಳ್ಳಾಗುತ್ತದೆ ಎನ್ನಿಸಿತು. ಇನ್ನೊಬ್ಬಳಿಂದ ಕಳೆಯುವಾಗ ಹಾಗೆನ್ನಿಸಲಿಲ್ಲ. ಆ ಕ್ಷಣದಲ್ಲಿ ಅದು ನ್ಯಾಯದಂತೆಯೇ ಕಂಡಿತು. ಇತರ ವರ್ಷಗಳ ಅಂಕಿಗಳನ್ನು ತಾವು ಕಳುಹಿಸಿದ ರಿಜಿಸ್ಟರಿನ ಪ್ರತಿಯೊಂದಿಗೆ ಹೋಲಿಸಿ ನೋಡಿದ್ದೇನೆ. ಟೇಪಿನ ಮಿಕ್ಕ ಹತ್ತು ಗೀಟುಗಳೂ ರಿಜಿಸ್ಟರಿಗೆ ಹೊಂದುತ್ತವೆ.

ಈ ತಪ್ಪಿಗಾಗಿ ನನ್ನ ಹೆಸರನ್ನು ಎಲ್ಲಿ ಬೇಕಾದರೂ ನಮೂದಿಸಬಹುದು. ಆ ಇಬ್ಬರು ಹುಡುಗಿಯರ ಸಾಲುಗಳನ್ನು ಮಾತ್ರ ಅಳಿಸಬಾರದೆಂದು ಕೋರುತ್ತೇನೆ. ಇಂಥ ಮಕ್ಕಳಿಗೂ ಇತರರಿಗೂ ವ್ಯತ್ಯಾಸವಿಲ್ಲವೆಂದು ಸಾಬೀತಾಗಲಿ ಎಂಬುದು ಇದುವರೆಗೆ ನನ್ನ ಆಸೆಯಾಗಿತ್ತು. ವ್ಯತ್ಯಾಸವಿದ್ದರೆ ಇದೆ ಎಂದೇ ಬರೆಯಿರಿ. ಅದನ್ನು ತಿಳಿಯಲು ಕಾದಿರುವವರಿದ್ದಾರೆ.

ತಮ್ಮ ವಿಶ್ವಾಸಿ ಎಂದು ಬರೆಯುವ ಹಕ್ಕು ನನಗೆ ಉಳಿದಿಲ್ಲವಾದ್ದರಿಂದ,
ನಿವೃತ್ತ ಭಾಷಾ ಶಿಕ್ಷಕಿ

(ಪ್ರತಿ: ನಿವೃತ್ತ ವ್ಯಾಯಾಮ ಶಿಕ್ಷಕಿಯವರಿಗೆ, ನನ್ನ ಮಗಳಿಗೆ)


ಅಕ್ಟೋಬರ್ ೫

ಅಮ್ಮ,

ಪ್ರತಿ ಬಂತು. ನಾಲ್ಕು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು. ಎರಡನೆಯ ಸಲವೂ ಬಂತು. ಹತ್ತು ವರ್ಷ ಆ ಹಲಗೆಯ ಮೇಲೆ ನಾನು ಬೆನ್ನು ಚಾಚಿ, ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆ. ನೀವು ಬರೆಯುವುದನ್ನು ನೋಡುತ್ತಿದ್ದೆ. ನನ್ನ ಅಂಕಿ ನಿಮಗೆ ಯಾವತ್ತೂ ಸಾಲಲಿಲ್ಲ ಅಂತ ನನಗೆ ಗೊತ್ತಿತ್ತು. ಇಷ್ಟು ಸಾಲಲಿಲ್ಲ ಅಂತ ಗೊತ್ತಿರಲಿಲ್ಲ.

ಕಚೇರಿಯವರು ಜೋಡಿಯನ್ನು ಉಳಿಸಿಕೊಂಡಿದ್ದಾರೆ. ಆ ಒಂದು ವರ್ಷದ ಎತ್ತರವನ್ನು ಮಾತ್ರ ಬಿಡುತ್ತಾರಂತೆ. ಡಿಸೆಂಬರ್ ೬ಕ್ಕೆ ನಮ್ಮಿಬ್ಬರನ್ನೂ ಕರೆದಿದ್ದಾರೆ. ನೀವು ಬರುವುದಾದರೆ ಬನ್ನಿ. ಪೆನ್ನು ತರಬೇಡಿ.

ಗುಬ್ಬಿ


ಡಿಸೆಂಬರ್ ೯

ಸೀಟಿ,

ಟೇಪನ್ನು ಅವರು ಮರಳಿಸಿದರು. ಇದರೊಡನೆ ಕಳುಹಿಸುತ್ತಿದ್ದೇನೆ. ಮಡಚದೆ ಸುತ್ತಿಟ್ಟಿದ್ದೇನೆ, ನೀನು ಸುತ್ತಿದ ದಿಕ್ಕಿನಲ್ಲಿಯೇ.

ನಿನ್ನ ಮಂಡಿಯ ದೆಸೆಯಿಂದ ನಿನಗೆ ಬರಲಾಗಲಿಲ್ಲವಾದ್ದರಿಂದ ನಡೆದದ್ದನ್ನು ಬರೆಯುವುದು ನನ್ನ ಕರ್ತವ್ಯ. ಎರಡನೆಯ ಮಹಡಿಯ ಉದ್ದನೆಯ ಕೋಣೆ. ಬಿಳಿಯ ಪರದೆ, ತೂಕದ ಯಂತ್ರ, ನಮ್ಮ ಕಾಲದ ಹಲಗೆಯ ಬದಲು ಗೋಡೆಗೆ ಬಿಗಿದ ಉಕ್ಕಿನ ಕಂಬ. ಅಂಕಿಯನ್ನು ಯಾರೂ ಕೂಗುವುದಿಲ್ಲ. ಅದು ತಾನಾಗಿ ಒಂದು ಪುಟ್ಟ ಪರದೆಯ ಮೇಲೆ ಮೂಡಿ, ತಾನಾಗಿ ದಾಖಲಾಗುತ್ತದೆ. ನೀನೂ ನಾನೂ ಇಲ್ಲದೆ ಕೆಲಸ ಎಷ್ಟು ಚೆನ್ನಾಗಿ ನಡೆಯುತ್ತದೆ ನೋಡು.

ನಾನು ಬಾಗಿಲ ಬಳಿ ನಿಂತಿದ್ದೆ. ಜಿಂಕೆ ಶೂ ಬಿಚ್ಚಿ ಇಡಲು ಜಾಗ ಹುಡುಕುತ್ತಿದ್ದಳು. ಕೈ ಚಾಚಿದೆ. ಅವಳು ಒಂದು ಕ್ಷಣ ನನ್ನನ್ನು ನೋಡಿ, ಕೊಟ್ಟಳು. ಗುಬ್ಬಿಯದನ್ನೂ ಸೇರಿಸಿ ಎರಡೂ ಜೊತೆ ಶೂಗಳನ್ನು ಹಿಡಿದು ನಾನು ಪೂರ್ತಿ ಹೊತ್ತು ಅಲ್ಲಿಯೇ ನಿಂತಿದ್ದೆ.

ಅಂದು ರಿಜಿಸ್ಟರಿನಲ್ಲಿ ಮಾಡಿದ್ದನ್ನು ಜಿಂಕೆಗೆ ನಾನೇ ಹೇಳಿದೆ. ಮೊದಲೇ ವಾಕ್ಯಗಳನ್ನು ಜೋಡಿಸಿಟ್ಟುಕೊಂಡಿದ್ದೆ; ಎರಡನೆಯದರಲ್ಲಿಯೇ ತಡೆದಳು. "ಗೊತ್ತು ಟೀಚರ್. ಆವತ್ತು ಹಲಗೆಯಿಂದ ಇಳಿಯುವಾಗ್ಲೇ ನೋಡಿದ್ದೆ. ಅಮ್ಮ ಕೂಗಿದ್ದು ಆರು, ನೀವು ಬರೆದಿದ್ದು ಐದು. ನಿಮ್ಮ ಐದು ನಂಗೆ ಗೊತ್ತಾಗಲ್ವಾ? ಎಷ್ಟು ಪತ್ರಿಕೆ ತಿದ್ದಿಸ್ಕೊಂಡಿದೀನಿ." ಅವಳು ಕಾಲುಚೀಲ ಸರಿಮಾಡಿಕೊಳ್ಳುತ್ತ ಹೇಳಿದಳು, "ಗುಬ್ಬಿಗೆ ಹೇಳ್ಲಿಲ್ಲ, ಪಾಪ ಅಂತ. ಆದ್ರೆ ಆವತ್ತಿಂದ ನಿಮ್ಮ ಕ್ಲಾಸಲ್ಲಿ ನಾನು ಒಂದ್ಸಲಾನೂ ಕೈ ಎತ್ತಲಿಲ್ಲ. ನೀವು ನೋಡ್ಲೇ ಇಲ್ಲ."

ನಿಜ. ನಾನು ನೋಡಲಿಲ್ಲ. ಮೂವತ್ತನಾಲ್ಕು ವರ್ಷಗಳ ಸೇವೆಯ ಲೆಕ್ಕವನ್ನು ನಿನಗೆ ಒಪ್ಪಿಸಿದ್ದೆನಲ್ಲ, ಅದರಲ್ಲಿ ಇದೊಂದು ಸೇರಿರಲಿಲ್ಲ.

ನರ್ಸ್ "ಜೋಡಿ, ನೀವು ಬನ್ನಿ" ಎಂದು ಕರೆದಾಗ ನಾನು ಅವಳ ಹೆಸರನ್ನು ಹೇಳಿದೆ. ಸ್ವಲ್ಪ ಗಟ್ಟಿಯಾಗಿಯೇ, ತರಗತಿಯಲ್ಲಿ ಹಾಜರಿ ಕರೆಯುವಂತೆ. ಆ ನರ್ಸ್ ಬೆಚ್ಚಿದರು. ಎರಡನೆಯ ಸಲ ಹೆಸರು ಹಿಡಿದೇ ಕರೆದರು.

ಅಂಕಿ ಬೇಕೇ? ಜಿಂಕೆ ಗುಬ್ಬಿಗಿಂತ ಎರಡು ಸೆಂಟಿಮೀಟರ್ ಎತ್ತರ. ಪುಟ್ಟ ಪರದೆಯ ಮೇಲೆ ಅದು ಮೂಡಿದಾಗ ನನ್ನ ಹೊಟ್ಟೆಯಲ್ಲಿ ಅದೇ ಹಳೆಯ ಉರಿ ಎದ್ದಿತು. ಮೂವತ್ತೊಂದು ವರ್ಷದ ಹೆಂಗಸರ ಎತ್ತರಕ್ಕೆ! ಸುಳ್ಳೇಕೆ ಹೇಳಲಿ? ಅಂಥದ್ದು ತಪ್ಪೊಪ್ಪಿಗೆಯಿಂದ ಹೋಗುತ್ತದೆಂದು ತಿಳಿದಿದ್ದೆ. ಹೋಗುವುದಿಲ್ಲ. ಶೂಗಳು ಕೈಯಲ್ಲಿದ್ದದ್ದು ಒಳ್ಳೆಯದಾಯಿತು.

ಗುಬ್ಬಿಯ ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿದರು. ನಾನು ಗೋಡೆಯ ಕಡೆ ತಿರುಗಿದೆ, ನನ್ನ ಮುಖ ಅವಳಿಗೆ ಕಾಣದಿರಲೆಂದು. ಪಟ್ಟಿ ಬಿಚ್ಚಿದ ಮೇಲೆ ಹತ್ತಿರ ಹೋಗಿ, ಅಭ್ಯಾಸ ಮಾಡಿಕೊಂಡು ಬಂದಿದ್ದಂತೆ ಕೇಳಿದೆ, "ಹೇಗಿದ್ದೀಯಮ್ಮ?" ಅವಳು ನನ್ನನ್ನೇ ನೋಡಿ ಜೋರಾಗಿ ನಕ್ಕುಬಿಟ್ಟಳು. "ಅಯ್ಯೋ ಅಮ್ಮ, ಗಂಟಲಲ್ಲಿ ಸಿಕ್ಕಾಕೊಂಡಿದೆ, ಎಷ್ಟು ಅಂತಾನೇ ಕೇಳಿಬಿಡಿ!" ಕೇಳಿದೆ. ಹೇಳಿದಳು. ಆ ಅಂಕಿಯನ್ನು ನಾನು ಎಲ್ಲಿಯೂ ಬರೆದಿಟ್ಟಿಲ್ಲ, ನಿನಗೂ ಬರೆಯುವುದಿಲ್ಲ. ಅವಳೇ ಹೇಳಿರಬಹುದು, ನನಗಿಂತ ಮೊದಲೇ.

ನಿನ್ನ ಮೇಲೆ ಒಂದು ದೂರು ಉಳಿದಿದೆ. ನೀನು ೧೫೭.೨ ಎಂದು ನಿಜ ಕೂಗಿದ್ದರೆ, ಒಂದು ಸೆಂಟಿಮೀಟರ್ ಕಳೆದು ಬರೆದರೂ ಗುಬ್ಬಿ ಹಿಂದೆಯೇ ಉಳಿಯುತ್ತಿದ್ದಳು. ನಾನು ಹಲ್ಲು ಕಚ್ಚಿಕೊಂಡು ಸರಿಯಾಗಿಯೇ ಬರೆಯುತ್ತಿದ್ದೆ. ನಿನ್ನ ಕನಿಕರವೇ ನನಗೆ ದಾರಿ ಮಾಡಿಕೊಟ್ಟಿತು. ಇನ್ನು ಮುಂದೆ ನನಗೆ ಏನನ್ನೂ ಕಡಿಮೆ ಮಾಡಿ ಹೇಳಬೇಡ.

ಪರೀಕ್ಷೆ ಮುಗಿದ ಮೇಲೆ ಇಬ್ಬರೂ ನಿನ್ನ ಮನೆಗೆ ಹೊರಟರು. "ನೀವೂ ಬನ್ನಿ" ಎಂದಳು ಗುಬ್ಬಿ. ಕೆಲಸವಿದೆ ಎಂದು ಹೇಳಿ ಬಸ್ಸು ಹತ್ತಿದೆ. ಕೆಲಸವೇನೂ ಇರಲಿಲ್ಲ. ಕರೆದವಳು ನನ್ನ ಮಗಳು, ಮನೆ ನಿನ್ನದು. ದಾರಿಯುದ್ದಕ್ಕೂ ಆ ಮೆಷಿನ್ ತಿರುಗುತ್ತಿದೆಯೋ ನಿಂತಿದೆಯೋ ಎಂದೇ ಯೋಚಿಸುತ್ತಿದ್ದೆ.

ಮುಂದಿನ ಎರಡನೆಯ ಶನಿವಾರ ಹದಿಮೂರನೆಯ ತಾರೀಖು ಬರುತ್ತದೆ. ನೀನು ಕರೆದರೆ ಬರುತ್ತೇನೆ. ಅವಳ ಪಕ್ಕದ ಜಾಗ ಬೇಡ. ಅಡುಗೆಮನೆಯಲ್ಲಿ ಅವಳು ಕಾಣುವಂತೆ ಒಂದು ಕುರ್ಚಿ ಹಾಕಿಸು, ಸಾಕು.

ನಿನ್ನ,
ಕೆಂಪು ಶಾಯಿ